ಹಸಿರು ಟೆಂಟಿನಲ್ಲಿ ಊಟದ ಸದ್ದು

ಇದನ್ನು ನಾನು ಮೊದಲು ಹೇಳಿದ್ದು ನನ್ನ ಮಗಳಿಗೆ. "ಮಮ್ಮಿ, ನಿನಗೆ ಟಯರ್ಡ್ ಆಗಿತ್ತು" ಅಂದಳು. ಆಮೇಲೆ ಚರ್ಚಿಗೆ ಹೋಗುವ ಒಬ್ಬ ಗೆಳತಿಗೆ ಹೇಳಿದೆ. ಅವಳು ಶಿಲುಬೆ ಗುರುತು ಮಾಡಿ ವಿಷಯ ಬದಲಿಸಿದಳು. ಸುಳ್ಳು ಕಟ್ಟುವಷ್ಟು ಓದಿದವಳಲ್ಲ ನಾನು. ಪಿಯುಸಿ ಮುಗಿಸಿ ಮದುವೆಯಾಗಿ ಕತಾರಿಗೆ ಬಂದವಳು. ಕಂಡದ್ದನ್ನು, ಕೇಳಿದ್ದನ್ನು ಅಷ್ಟೇ ಬರೆಯುತ್ತೇನೆ.

ನನ್ನ ಗಂಡ ಜಯಕರ ಮೆಸಯೀದಿನ ಒಂದು ಪ್ಲಾಂಟಿನಲ್ಲಿ ಟೆಕ್ನಿಶಿಯನ್ ಆಗಿದ್ದರು. ಮಾತು ಕಡಿಮೆ. ಡ್ಯೂಟಿ ಮುಗಿಸಿ ಬಂದರೆ ಹಾಲಿಲ್ಲದ ಚಾ, ಊಟ, ನಿದ್ದೆ. ಕಳೆದ ವರ್ಷದ ಬೇಸಗೆಯಲ್ಲಿ ಎದೆನೋವು ಬಂತು... ಆಸ್ಪತ್ರೆ ತಲುಪುವಾಗ ಖಲಾಸ್. ಹೆಣ ಊರಿಗೆ ಕಳಿಸಿ, ಕ್ರಿಯೆ ಮುಗಿಸಿ, ಕಂಪೆನಿ ಮನೆ ಬಿಟ್ಟುಕೊಟ್ಟು, ನಾನು ಮಗಳ ಜೊತೆ ದೋಹಾದ ಒಂದು ಚಿಕ್ಕ ಫ್ಲ್ಯಾಟಿಗೆ ಬಂದೆ. ಒಂದು ನರ್ಸರಿ ಶಾಲೆಯಲ್ಲಿ ಸಹಾಯಕಿಯ ಕೆಲಸ ಸಿಕ್ಕಿತು.

ಇವರಿಗೆ ಒಂದೇ ಒಂದು ಹುಚ್ಚಿತ್ತು. ಚಳಿಗಾಲದ ಮಳೆ ಬಿದ್ದ ಮೇಲೆ ಇಲ್ಲಿಯ ಮರುಭೂಮಿ ಸ್ವಲ್ಪ ದಿನ ಹೂ ಬಿಡುತ್ತದೆ. ಅದನ್ನು ನೋಡಲು ಪ್ರತಿ ವರ್ಷ ನಾಲ್ಕು ದಿನದ ಟೂರು. ಉತ್ತರದ ಅಲ್ ಶಮಾಲಿನ ಕಡಲ ಬದಿಯಿಂದ ಹೊರಟು, ಒಳಗಿನ ಮರಳುಗಾಡು ದಾಟಿ, ದಕ್ಷಿಣದ ಕಡಲಿಗೆ ಬರುವುದು. ಮಗಳ ಪರೀಕ್ಷೆ, ನನ್ನ ಧೂಳಿನ ಅಲರ್ಜಿ ಅಂತ ನಾನು ಹೋದದ್ದೇ ಇಲ್ಲ.

ಟೂರು ನಡೆಸುವವಳು ಜೆಸಿಂತಾ. ಶಿರ್ವ ಕಡೆಯ ಕ್ರಿಶ್ಚಿಯನ್ನಳು, ನಲವತ್ತು ದಾಟಿದೆ, ಮದುವೆ ಆಗಿಲ್ಲ. ವಾರವೆಲ್ಲ ವೆಸ್ಟ್ ಬೇಯ ಒಂದು ಆಫೀಸಿನಲ್ಲಿ ಸೆಕ್ರೆಟರಿ, ಹೂ ಬಿಡುವ ಕಾಲಕ್ಕೆ ರಜೆ ಹಾಕಿ ಗೈಡು. ಅವಳ ಫೋನ್ ಬಂತು. "ವಸಂತಿಯಕ್ಕ, ಈ ಸಲ ನೀವು ಬನ್ನಿ. ಜಯಣ್ಣನ ಜಾಗ ಖಾಲಿ ಬಿಡ್ಲಿಕ್ಕೆ ಮನಸ್ಸು ಬರುದಿಲ್ಲ."

ಜಯಣ್ಣನ ಜಾಗ. ನನ್ನ ಗಂಡನ ಜಾಗದ ಬಗ್ಗೆ ನನಗೆ ಹೇಳಲು ಇವಳು ಯಾರು? ಆದರೂ ಹೊರಟೆ. ಮಗಳನ್ನು ಗೆಳತಿಯ ಮನೆಯಲ್ಲಿ ಬಿಟ್ಟೆ.

ನಾವು ಐದೇ ಜನ. ನಾನು, ಜೆಸಿಂತಾ, ಡ್ರೈವರ್ ಹಮೀದ್, ಮತ್ತೆ ಮಂಗಳೂರಿನ ಗಂಡ ಹೆಂಡತಿ ಇಬ್ಬರು. ಹಮೀದ್ ಉಪ್ಪಿನಂಗಡಿಯ ಬ್ಯಾರಿ, ಬಾಯಿ ತುಂಬ ತುಳು, ತಮಾಷೆ. ಜೆಸಿಂತಾ ಪ್ರತಿ ಪೊದೆಯ ಹತ್ತಿರ ಗಾಡಿ ನಿಲ್ಲಿಸಲು ಹೇಳಿದರೆ, "ಬಾಯಿ, ಹೂ ಎಲ್ಲಿಗೂ ಓಡಿ ಹೋಗುದಿಲ್ಲ. ಬಿಸಿಲು ಓಡಿ ಬರ್ತದೆ. ಯಲ್ಲಾ, ಹೊರಡುವ!" ಅನ್ನುತ್ತಿದ್ದ. ಬಾಯಿ ಅಂದರೆ ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಮರ್ಯಾದೆಯಿಂದ ಕರೆಯುವುದು.

ಮೊದಲ ದಿನವೇ ಶುರುವಾಯಿತು. ಶಮಾಲಿನ ಕಡಲ ಬದಿಯಲ್ಲಿ ಸಾಸಿವೆ ಕಾಳಿನಷ್ಟು ಚಿಕ್ಕ ನೇರಳೆ ಹೂ. "ಇದನ್ನು ಮೊದಲು ಕಂಡದ್ದು ಜಯಣ್ಣ. ಹೊಟ್ಟೆ ಅಡಿಯಾಗಿ ಮರಳಲ್ಲಿ ಮಲಗಿ ಅರ್ಧ ಗಂಟೆ ನೋಡಿದ್ರು" ಅಂದಳು. ಫೋನಿನಲ್ಲಿ ಫೋಟೋ ತೋರಿಸಿದಳು. ಇವರು ಮರಳಲ್ಲಿ ಮಲಗಿದ್ದಾರೆ, ಗದ್ದಕ್ಕೆ ಮರಳು ಮೆತ್ತಿದೆ, ಬಾಯಿ ತೆರೆದು ನಗುತ್ತಿದ್ದಾರೆ.

ಆ ನಗು ನಾನು ನೋಡಿರಲಿಲ್ಲ.

ಊರಿನಿಂದ ವಿಮಾನದಲ್ಲಿ ಬರುವ ಮಲ್ಲಿಗೆ ಅಂಗಡಿಯಲ್ಲಿ ಕಣ್ಣೆದುರು ಇದ್ದರೂ ದಾಟಿ ಹೋಗುತ್ತಿದ್ದ ಮನುಷ್ಯ ಇವರು. ಇಲ್ಲಿ ಯಾವುದೋ ಕಸದ ಹೂವಿಗೆ ಅಡ್ಡ ಬಿದ್ದಿದ್ದಾರೆ. ಫೋಟೋ ತೆಗೆದ ಕೈ ಯಾರದ್ದು ಅಂತ ಕೇಳುವ ಅಗತ್ಯ ಇರಲಿಲ್ಲ.

ಎರಡನೇ ದಿನ ಉಪ್ಪು ನೆಲದಲ್ಲಿ ಒಂದು ವಿಚಿತ್ರ ಹೂ ಕಂಡೆವು. ಎಲೆ ಇಲ್ಲ, ಕೊಂಬೆ ಇಲ್ಲ, ಮೊಳ ಎತ್ತರದ ಹಳದಿ ಗೊಂಚಲು ಮರಳನ್ನು ಸೀಳಿ ನೆಟ್ಟಗೆ ನಿಂತಿತ್ತು. ಮಂಗಳೂರಿನ ಹೆಂಗಸು "ಅಯ್ಯೋ ಎಷ್ಟು ಚಂದ!" ಅಂದಳು.

"ಇದು ಸ್ವಂತ ಅಡುಗೆ ಮಾಡುದಿಲ್ಲ" ಅಂದಳು ಜೆಸಿಂತಾ. "ಮಣ್ಣಿನ ಅಡಿಯಲ್ಲೇ ಹೋಗಿ ಪಕ್ಕದ ಗಿಡದ ಬೇರನ್ನು ಹಿಡಿತದೆ. ಅಲ್ಲಿಂದಲೇ ಊಟ."

"ಪಕ್ಕದ ಗಿಡಕ್ಕೆ ಗೊತ್ತಾಗುದಿಲ್ವಾ?" ಅಂತ ಕೇಳಿದೆ.

ಅವಳು ನನ್ನ ಮುಖ ನೋಡಿದಳು. "ಗೊತ್ತಾಗುವಾಗ ಹೂ ಬಿಟ್ಟಾಗಿರ್ತದೆ ಅಕ್ಕ." ನಕ್ಕಳು. ಹಮೀದ್ ಕೂಡ ನಕ್ಕ. ನನಗೆ ನಗು ಬರಲಿಲ್ಲ.

ಆ ರಾತ್ರಿ ಮಳೆನೀರು ನಿಂತು ಹುಲ್ಲು ಹುಟ್ಟಿದ ಒಂದು ತಗ್ಗಿನಲ್ಲಿ ಟೆಂಟು ಹಾಕಿದೆವು. ಸಾಲಾಗಿ ನಾಲ್ಕು. ನನ್ನದು ಕೊನೆಯದ್ದು, ನೀಲಿ. ಅದರ ಪಕ್ಕ ಜೆಸಿಂತಾಳ ಹಳೆಯ ಹಸಿರು ಟೆಂಟು.

ನಾನು ಈ ಟೂರಿಗೆ ಹೂ ನೋಡಲು ಬಂದದ್ದಲ್ಲ, ಅದನ್ನು ಈಗ ಹೇಳಬೇಕು. ನಮ್ಮ ಕಡೆ ತೀರಿಹೋದವರಿಗೆ ಎಲೆ ಬಡಿಸುವ ಕ್ರಮ ಉಂಟು. ಅವರಿಗೆ ಇಷ್ಟದ ಅಡುಗೆ ಮಾಡಿ, ಬಾಳೆ ಎಲೆಯಲ್ಲಿ ಬಡಿಸಿ, ಹೆಸರು ಕರೆದು, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬರುವುದು. ಸ್ವಲ್ಪ ಹೊತ್ತು ಕಾದು, ಬಾಗಿಲು ತಟ್ಟಿ, ಆಮೇಲೆಯೇ ಒಳಗೆ ಹೋಗುವುದು. ತಟ್ಟದೆ ಹೋಗಬಾರದು. ಅವರು ಉಣ್ಣುವುದನ್ನು ನಾವು ನೋಡಬಾರದು. ಊರಲ್ಲಿ ಇವರ ಅಣ್ಣ ಬಡಿಸಿದ್ದರು. ನನ್ನ ಕೈಯಿಂದ ಒಮ್ಮೆ ಬಡಿಸಬೇಕು ಅಂತ ನನಗೆ ಆಸೆ. ಅವರು ಕುಶಿಯಾಗಿದ್ದ ಜಾಗದಲ್ಲಿ ಕರೆದರೆ ಬರುತ್ತಾರೆ. ನನ್ನ ಹತ್ತಿರ ಬರುತ್ತಾರೆ... ಅಷ್ಟು ತಿಳಿದರೆ ಸಾಕಿತ್ತು.

ಇವರಿಗೆ ಇಷ್ಟದ ಬಂಗುಡೆ ಮೀನಿನ ಪುಳಿಮುಂಚಿ ಸಾರನ್ನು ಮನೆಯಲ್ಲೇ ಮಾಡಿ ಐಸ್ ಪೆಟ್ಟಿಗೆಯಲ್ಲಿ ತಂದಿದ್ದೆ. ಗ್ಯಾಸಿನಲ್ಲಿ ಬಿಸಿ ಮಾಡಿದೆ. ಮಲಯಾಳಿ ಅಂಗಡಿಯಿಂದ ತಂದ ಬಾಳೆ ಎಲೆ, ಕುಚ್ಚಲಕ್ಕಿ ಅನ್ನ, ಒಂದು ಲೋಟ ಹಾಲಿಲ್ಲದ ಚಾ, ಒಂದು ಲೋಟ ನೀರು. ಉಳಿದವರೆಲ್ಲ ಪಿಕಪ್ ಆಚೆ ಬೆಂಕಿ ಹಾಕಿ ಚಳಿ ಕಾಯಿಸುತ್ತಿದ್ದರು. ಹೆಸರು ಕರೆದೆ. "ಬನ್ನಿ, ಊಟ ಮಾಡಿ" ಅಂದೆ. ಟೆಂಟಿಗೆ ಬಾಗಿಲು ಎಲ್ಲಿ, ಜಿಪ್ಪು ಎಳೆದು ಹೊರಗೆ ಬಂದು ಕುಳಿತೆ.

ಗಾಳಿ ಇರಲಿಲ್ಲ. ದೂರದಲ್ಲಿ ಬೆಂಕಿಯ ಚಟಚಟ, ಹಮೀದನ ಮಾತು, ಜೆಸಿಂತಾಳ ನಗು.

ಆಗ ಕೇಳಿಸಿತು.

ಬೆರಳಲ್ಲಿ ಅನ್ನ ಒಟ್ಟು ಮಾಡುವ ಸದ್ದು. ಎಲೆಯ ಮೇಲೆ ಉಗುರು ತಾಗುವ ಸದ್ದು. ಮೀನಿನ ಮುಳ್ಳು ಚೀಪುವ ಸದ್ದು... ಲೋಟ ಎತ್ತಿ ನೀರು ಗಂಟಲಿಗೆ ಸುರಿದ ಗಳಗಳ.

ತಟ್ಟನೆ ಎದ್ದೆ. ಬಂದರು! ಕೈ ಮುಗಿಯಲು ಹೊರಟವಳು ಅಲ್ಲೇ ನಿಂತುಬಿಟ್ಟೆ.

ಸದ್ದು ನನ್ನ ಟೆಂಟಿನಿಂದ ಬರುತ್ತಿರಲಿಲ್ಲ. ಪಕ್ಕದ ಹಸಿರು ಟೆಂಟಿನಿಂದ.

ಜೆಸಿಂತಾ ಬೆಂಕಿಯ ಹತ್ತಿರ ಇದ್ದಾಳೆ, ಅವಳ ನಗು ಈಗಷ್ಟೇ ಕೇಳಿದೆ. ಅವಳ ಟೆಂಟಿನೊಳಗೆ ಸೋಲಾರ್ ದೀಪ ಉರಿಯುತ್ತಿತ್ತು. ಬಟ್ಟೆಯ ಮೇಲೆ ನೆರಳು ಬಿದ್ದಿತ್ತು. ಚಕ್ಕಳಮಕ್ಕಳ ಕುಳಿತ ಗಂಡಸಿನ ನೆರಳು. ಎಡಗೈ ನೆಲಕ್ಕೆ ಊರಿ ಒಂದು ಬದಿಗೆ ವಾಲಿ ಕುಳಿತಿದೆ. ಇವರು ಉಣ್ಣುವಾಗ ಹಾಗೆಯೇ ಕುಳಿತುಕೊಳ್ಳುವುದು. "ಸರಿ ಕೂತ್ಕೊಳ್ಳಿ" ಅಂತ ನಾನು ಎಷ್ಟು ಸಲ ಹೇಳಿದ್ದೇನೋ. ಪುಳಿಮುಂಚಿಯ ಹುಳಿ ವಾಸನೆ ಅಲ್ಲಿಂದಲೇ ಬರುತ್ತಿತ್ತು.

ಹೆದರಿಕೆ ಆಗಬೇಕಿತ್ತು. ಆಗಲಿಲ್ಲ. ಹೊಟ್ಟೆ ಉರಿಯಿತು. ಮಾಡಿದ್ದು ನಾನು, ಹೊತ್ತು ತಂದದ್ದು ನಾನು, ಕರೆದದ್ದು ನಾನು. ಉಣ್ಣಲು ಅವಳ ಟೆಂಟೇ?

ತಟ್ಟಲಿಲ್ಲ. ಕೆಮ್ಮಲಿಲ್ಲ. ಹೋಗಿ ಜಿಪ್ಪನ್ನು ಸರ್ರನೆ ಎಳೆದೆ.

ಒಳಗೆ ಯಾರೂ ಇಲ್ಲ. ಮಡಿಸಿಟ್ಟ ಕಂಬಳಿ, ಚೀಲ, ದೀಪ. ಚಾಪೆ ಮುಟ್ಟಿ ನೋಡಿದೆ. ಒಂದೇ ಕಡೆ, ಒಬ್ಬರು ಕೂರುವಷ್ಟು ಜಾಗ ಬೆಚ್ಚಗಿತ್ತು.

ಓಡಿ ನನ್ನ ಟೆಂಟಿಗೆ ಬಂದೆ. ಜಿಪ್ಪು ನಾನು ಹಾಕಿದ ಹಾಗೆಯೇ ಇತ್ತು. ತೆರೆದೆ. ಅನ್ನ ಒಂದು ಅಗುಳು ಕಡಿಮೆಯಾಗಿರಲಿಲ್ಲ. ಚಾ ಇನ್ನೂ ಬಿಸಿ. ಆದರೆ ಎಲೆ... ಎಲೆ ಮಡಿಸಿತ್ತು. ತುಂಬಿದ ಊಟದ ಮೇಲೆಯೇ, ಆಚೆ ಕಡೆಗೆ. ಶುಭದ ಊಟವಾದರೆ ನಾವು ಎಲೆಯನ್ನು ನಮ್ಮ ಕಡೆಗೆ ಮಡಿಸುತ್ತೇವೆ. ಆಚೆಗೆ ಮಡಿಸುವುದು ಸಾವಿನ ಮನೆಯಲ್ಲಿ, ಸಂಬಂಧ ಮುಗಿಯಿತು ಅಂತ.

"ಎಂತ ಅಕ್ಕ, ನನ್ನ ಟೆಂಟು ತೆರೆದದ್ದು ನೀವಾ?" ಹಿಂದೆ ಜೆಸಿಂತಾ ನಿಂತಿದ್ದಳು.

"ನಾಯಿ ಬಂದ ಹಾಗಾಯ್ತು" ಅಂದೆ.

"ಇಲ್ಲಿ ನಾಯಿಯಾ?" ಅವಳು ಮೂಗು ಮೇಲೆ ಮಾಡಿ ವಾಸನೆ ಹಿಡಿದಳು. ತನ್ನ ಟೆಂಟಿನೊಳಗೆ ಹೋಗಿ ದೀಪ ಆರಿಸಿದಳು.

ಬೆಳಗ್ಗೆ ಟೆಂಟು ಬಿಚ್ಚುವಾಗ ಹಮೀದ್ ಹಸಿರು ಬಟ್ಟೆಯ ಮೇಲೆ ಒಂದು ಹೊಲಿಗೆ ತೋರಿಸಿದ. "ನೋಡಿ ವಸಂತಿಯಕ್ಕ, ಮೀನಿನ ಬಲೆಯ ನೂಲಿನಲ್ಲಿ ಹೊಲಿದದ್ದು. ನಿಮ್ಮವರದ್ದೇ ಕೈ. ಇದು ಅವರ ಟೆಂಟು ಅಲ್ವಾ, ಪ್ರತಿ ವರ್ಷ ಇದ್ರಲ್ಲೇ ಮಲಗುದು."

ನನ್ನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಅವರು ಅವಳ ಹತ್ತಿರ ಹೋಗಿರಲಿಲ್ಲ, ತಮ್ಮ ಜಾಗಕ್ಕೆ ಹೋಗಿದ್ದರು! ನೀಲಿ ಟೆಂಟು ಅವರಿಗೆ ಹೇಗೆ ಗೊತ್ತು? ತಪ್ಪು ನನ್ನದೇ, ಬೇರೆಯವರ ಮನೆಯಲ್ಲಿ ಎಲೆ ಹಾಕಿದ ಹಾಗೆ ಹಾಕಿದ್ದೆ.

ಆದರೂ ಜೆಸಿಂತಾಳನ್ನು ಕೇಳದೆ ಇರಲು ಆಗಲಿಲ್ಲ. "ಬಾಯಿ, ಇವರ ಟೆಂಟನ್ನು ನೀವು ಯಾಕೆ ತಗೊಂಡದ್ದು?"

ಅವಳು ಹಗ್ಗ ಸುತ್ತುತ್ತಿದ್ದಳು. ತಲೆ ಎತ್ತಲಿಲ್ಲ. "ಬೇರೆ ಯಾರೂ ಅದ್ರಲ್ಲಿ ಮಲಗ್ಬಾರ್ದು ಅಂತ ಅನಿಸ್ತು."

"ನಾನು ಬೇರೆಯವಳಾ?"

"ಅಯ್ಯೋ, ಇಲ್ಲ ಮಾರಾಯ್ರೆ." ಅವಳ ಮುಖ ಕೆಂಪಾಯಿತು. "ನಿಮಗೆ ಬೇಜಾರಾಗ್ತದೆ ಅಂತ ಕೊಡ್ಲಿಲ್ಲ. ಇವತ್ತು ನೀವೇ ತಗೊಳ್ಳಿ. ನಾನು ನೀಲಿಯಲ್ಲಿ ಮಲಗ್ತೇನೆ."

ಆ ಇಡೀ ದಿನ ನಾನು ಹೂ ನೋಡಿದ್ದು ನೆನಪಿಲ್ಲ. ರಾತ್ರಿ ಯಾವಾಗ ಆಗುತ್ತದೆ ಅಂತ ಕಾದೆ.

ಮೂರನೇ ರಾತ್ರಿ ದಕ್ಷಿಣದ ಕಡಲ ದಂಡೆಯಲ್ಲಿ. ಆಕಾಶದ ಅಂಚಿನಲ್ಲಿ ಮೆಸಯೀದಿನ ಪ್ಲಾಂಟುಗಳ ಬೆಂಕಿಯ ಕೆಂಪು. ಇವರು ಇಷ್ಟು ವರ್ಷ ದುಡಿದದ್ದು ಆ ಬೆಳಕಿನ ಅಡಿಯಲ್ಲಿ. ಅವತ್ತು ಎಲೆ ಬಡಿಸಲಿಲ್ಲ. ಹಸಿರು ಟೆಂಟಿನಲ್ಲಿ ಕಣ್ಣು ಬಿಟ್ಟು ಮಲಗಿದೆ. ಬಟ್ಟೆಗೆ ನೀಲಗಿರಿ ಎಣ್ಣೆಯ ವಾಸನೆ ಇತ್ತು. ಶೀತಕ್ಕೆ ಇವರು ಹಚ್ಚಿಕೊಳ್ಳುತ್ತಿದ್ದದ್ದು. ಆ ವಾಸನೆಯಲ್ಲಿ ಮುಖ ಒತ್ತಿ ಸ್ವಲ್ಪ ಅತ್ತೆ.

ಎಲ್ಲರೂ ಮಲಗಿ ತುಂಬ ಹೊತ್ತಾಗಿತ್ತು. ಅಲೆಯ ಸದ್ದಿನ ನಡುವೆ ಹೆಜ್ಜೆ ಕೇಳಿಸಿತು. ಒದ್ದೆ ಮರಳಿನಿಂದ ಒಣ ಮರಳಿಗೆ... ಒಂದು ಕಾಲು ಗಟ್ಟಿ, ಒಂದು ಕಾಲು ಎಳೆದು. ಇವರ ಬಲಗಾಲಿನ ಮಂಡಿ ನೋವು ನನಗೆ ಗೊತ್ತಿಲ್ಲದ್ದಾ? ಎಷ್ಟು ವರ್ಷ ಎಣ್ಣೆ ತಿಕ್ಕಿದ್ದೇನೆ.

ಹೆಜ್ಜೆ ಬಂದು ನನ್ನ ತಲೆಯ ಹತ್ತಿರ ನಿಂತಿತು. ನಡುವೆ ಇದ್ದದ್ದು ಒಂದು ಬಟ್ಟೆ ಮಾತ್ರ. ಉಸಿರು ಕೇಳುತ್ತಿತ್ತು.

"ಬನ್ನಿ" ಅಂದೆ. ಸ್ವರ ಬಂತೋ ಇಲ್ಲವೋ ಗೊತ್ತಿಲ್ಲ. "ನಾನೇ... ವಸಂತಿ."

ಉಸಿರು ನಿಂತಿತು.

ಆಮೇಲೆ ಹೆಜ್ಜೆ ತಿರುಗಿತು. ಒಂದು ಕಾಲು ಗಟ್ಟಿ, ಒಂದು ಕಾಲು ಎಳೆದು. ಪಕ್ಕದ ನೀಲಿ ಟೆಂಟಿನ ಜಿಪ್ಪು ನಿಧಾನಕ್ಕೆ, ಯಾರಿಗೂ ಎಚ್ಚರ ಆಗಬಾರದು ಅನ್ನುವ ಹಾಗೆ, ಮೇಲೆ ಹೋಯಿತು.

ಜೆಸಿಂತಾಳ ಸ್ವರ ಕೇಳಿಸಿತು. ಹೆದರಿದ ಸ್ವರ ಅಲ್ಲ. ತಡವಾಗಿ ಮನೆಗೆ ಬಂದವರ ಹತ್ತಿರ ಆಡುವ ತಗ್ಗಿದ ಸ್ವರ. "ಬತ್ತರಾ? ಕುಲ್ಲುಲೆ."

ನಮ್ಮ ಮನೆಮಾತು ತುಳುವಿನಲ್ಲಿ. ಬಂದಿರಾ, ಕುಳಿತುಕೊಳ್ಳಿ.

ಎದ್ದು ಹೋಗಬೇಕಿತ್ತು. ಹಿಂದಿನ ರಾತ್ರಿ ಹೋದವಳಿಗೆ ಆ ರಾತ್ರಿ ಕಾಲೇ ಬರಲಿಲ್ಲ. ಜಿಪ್ಪು ಎಳೆದರೆ ಒಳಗೆ ಯಾರೂ ಇಲ್ಲದಿದ್ದರೆ ಪರವಾಗಿಲ್ಲ. ಇದ್ದರೆ? ಕಂಬಳಿಯನ್ನು ಬಾಯಿಗೆ ತುರುಕಿ ಬೆಳಗಿನವರೆಗೆ ಬಿದ್ದುಕೊಂಡಿದ್ದೆ. ಆ ಕಡೆಯಿಂದ ಮತ್ತೆ ಮಾತು ಬರಲಿಲ್ಲ. ಒಮ್ಮೆ ನಗು ಕೇಳಿದ ಹಾಗಾಯಿತು. ಗಂಡಸಿನ ನಗು. ಇವರದ್ದು ಹೌದೋ ಅಲ್ಲವೋ ಅಂತ ನಾನು ಹೇಗೆ ಹೇಳಲಿ? ಇವರು ಬಾಯಿ ತೆರೆದು ನಕ್ಕರೆ ಹೇಗೆ ಕೇಳುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲವಲ್ಲ.

ಬೆಳಗ್ಗೆ ಜೆಸಿಂತಾ ಟೆಂಟಿನ ಎದುರು ಕುಳಿತು ಮರಳಲ್ಲಿ ಲೋಟ ತೊಳೆಯುತ್ತಿದ್ದಳು. ಎರಡು ಲೋಟ. ಕಣ್ಣು ಊದಿತ್ತು.

"ನಿದ್ದೆ ಬಂತಾ ಅಕ್ಕ?"

"ಬಂತು. ನಿಮಗೆ?"

"ಸತ್ತ ಹಾಗೆ ಮಲಗಿದ್ದೆ."

"ರಾತ್ರಿ ಯಾರ ಹತ್ತಿರವೋ ಮಾತಾಡಿದ ಹಾಗೆ ಕೇಳಿಸ್ತು."

ಅವಳ ಕೈ ನಿಂತಿತು. "ನಾನಾ? ತುಳುವಿನಲ್ಲಾ?"

ಅವಳ ಮನೆಮಾತು ಕೊಂಕಣಿ. ತುಳುವಿನಲ್ಲಿ ಅಂತ ನಾನು ಹೇಳಿರಲಿಲ್ಲ.

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಆ ಕಡೆಯಿಂದ ಹಮೀದ್ "ಯಲ್ಲಾ, ಚಾ ಆಯ್ತು!" ಅಂತ ಕೂಗಿದ. ಇಬ್ಬರೂ ಎದ್ದೆವು. ದೋಹಾ ತಲುಪುವವರೆಗೆ ಅವಳು ಒಂದು ಹೂವನ್ನೂ ಯಾರಿಗೂ ತೋರಿಸಲಿಲ್ಲ.

ಅವಳು ಆಮೇಲೆ ಎರಡು ಸಲ ಫೋನ್ ಮಾಡಿದಳು. ನಾನು ಎತ್ತಲಿಲ್ಲ. ಬೈಯಲು ನನ್ನ ಹತ್ತಿರ ಏನಿದೆ? ಬದುಕಿದ್ದಾಗ ಇವರು ಒಂದು ತಪ್ಪು ಮಾಡಿದ್ದನ್ನು ನಾನು ಕಂಡಿಲ್ಲ. ಅವಳು ಅಣ್ಣ ಅಂತಲೇ ಕರೆಯುತ್ತಿದ್ದಳು. ಇರಬಹುದು. ಹಾಗಾದರೆ ನನ್ನ ತಲೆಯ ಹತ್ತಿರ ಬಂದು ನಿಂತವರು ಹೆಸರು ಕೇಳಿದ ಮೇಲೆ ಯಾಕೆ ತಿರುಗಿದರು? ಈಗಲೂ ರಾತ್ರಿ ಫ್ಲ್ಯಾಟಿನ ಹೊರಗೆ ಯಾರಾದರೂ ಕಾಲು ಎಳೆದು ನಡೆದರೆ ಉಸಿರು ಹಿಡಿಯುತ್ತೇನೆ. ಹೆಜ್ಜೆ ನಮ್ಮ ಬಾಗಿಲು ದಾಟಿ ಹೋಗುತ್ತದೆ.

ಮೊನ್ನೆ ಆಟಿ ತಿಂಗಳು ಬಂತು, ಊರಲ್ಲಿ ತೀರಿಹೋದವರಿಗೆ ಎಲೆ ಬಡಿಸುವ ಮಳೆಗಾಲದ ತಿಂಗಳು. ಊರಿನಿಂದ ಅತ್ತೆಯ ಫೋನ್. ಇವರ ಅಮ್ಮ, ವಯಸ್ಸಾಗಿದೆ, ಕಿವಿ ಸ್ವಲ್ಪ ದೂರ. "ವಸಂತಿ, ಅವನಿಗೆ ಎಲೆ ಬಡಿಸಿದೆಯಾ ಮಗಾ?" ಅಂತ ಜೋರಾಗಿ ಕೇಳಿದರು.

"ಅವರ ಊಟ ಆಗಿದೆ ಅತ್ತೆ" ಅಂದೆ.

"ಹ್ಞಾಂ, ಒಳ್ಳೆದಾಯ್ತು" ಅಂದರು. ಬಡಿಸಿದ್ದು ಯಾರು ಅಂತ ಅವರು ಕೇಳಲಿಲ್ಲ.