ಎಸ್‌ಪ್ರೆಸೊ ಬಂತು, ನನ್ನ ಸರದಿ ಉಳಿಯಿತು

"ಈ ಸಲ ನಿಮ್ಮ ಮನೆ ಬೇಡ ಬಿಡಿ. ನಮ್ಮನೇಲೇ ಸೇರೋಣ. ಪಾಪ, ನಿಮಗೆ ಬರೆಯೋ ಕೆಲಸ ಬೇರೆ ಇರುತ್ತೆ."

ಫೋನಿನ ಆ ಕಡೆಯಿಂದ ರುಕ್ಮಿಣಿ ಹೀಗೆಂದರು. ಎಷ್ಟು ಮೃದುವಾದ ಮಾತು! ಎಷ್ಟೊಂದು ಕಾಳಜಿ! ಆದರೂ ನನಗೆ ಕೆನ್ನೆಗೆ ಬಾರಿಸಿದ ಹಾಗಾಯಿತು.

ಯಾಕೆಂದು ಹೇಳುತ್ತೇನೆ. ತಮಿಳುನಾಡಿನ ಗಡಿಯಲ್ಲಿರುವ ಹೊಸೂರಿನ ನಮ್ಮ ಬಡಾವಣೆಯಲ್ಲಿ ಕನ್ನಡದ ಹೆಂಗಸರು ತಿಂಗಳಿಗೊಂದು ಭಾನುವಾರ ಸೇರುತ್ತೇವೆ. ಒಂದೊಂದು ಸಲ ಒಬ್ಬೊಬ್ಬರ ಮನೆ. ಗಂಡಂದಿರ ಫ್ಯಾಕ್ಟರಿ ಕೆಲಸದ ಹಿಂದೆ ಹಾಸನ, ಕೋಲಾರ, ತುಮಕೂರಿನಿಂದ ಬಂದವರೇ ಹೆಚ್ಚು. ವಾರಪತ್ರಿಕೆಗಳ ಅದಲುಬದಲು, ಒಂದೆರಡು ಹಾಡು, ನಾಲ್ಕಾರು ಮನೆಗಳ ಸುದ್ದಿ. ಅಂಗಡಿಯಲ್ಲಿ ತಮಿಳು, ಹೂವಿನವಳ ಹತ್ತಿರ ತೆಲುಗು, ಆಫೀಸಿನಲ್ಲಿ ಇಂಗ್ಲಿಷು. ಹೊಟ್ಟೆ ತುಂಬ ಕನ್ನಡ ಮಾತಾಡಲು ಸಿಗುವುದು ಆ ಭಾನುವಾರವೊಂದೇ. ಅಂಥದ್ದರಲ್ಲಿ ನನ್ನ ಸರದಿಯನ್ನೇ ಕಿತ್ತುಕೊಂಡರೆ?

ಕಾರಣ ವಾರಪತ್ರಿಕೆಗೆ ನಾನು ಬರೆಯುವ ಅಂಕಣವಲ್ಲ. ನನ್ನ ಕಾಫಿ.

ನಿಜ ಹೇಳಿಬಿಡುತ್ತೇನೆ, ನನಗೆ ಕಾಫಿ ಮಾಡಲು ಬರುವುದಿಲ್ಲ. ಡಿಕಾಕ್ಷನ್ ಇಳಿಯುವ ತನಕ ಕಾಯುವ ತಾಳ್ಮೆ ನನ್ನಲ್ಲಿಲ್ಲ. ಫಿಲ್ಟರಿನ ಮುಚ್ಚಳ ತೆಗೆದು ನೋಡುತ್ತೇನೆ. ಬುಡಕ್ಕೆ ತಟ್ಟುತ್ತೇನೆ. ಇನ್ನಷ್ಟು ಬಿಸಿನೀರು ಸುರಿಯುತ್ತೇನೆ. ಕೊನೆಗೆ ಬರುವುದು ಬಟ್ಟೆ ಒಗೆದ ನೀರಿನ ಬಣ್ಣದ್ದು. ಹೀಗಾಗಿ ನಮ್ಮ ಮನೆಗೆ ಬಂದವರು, ನಾನು ಅಡುಗೆಮನೆಯ ಕಡೆ ತಿರುಗುತ್ತಲೇ ಒಕ್ಕೊರಲಿನಿಂದ ಹೇಳುವ ಮಾತು ಒಂದೇ: "ಬೇಡ ಬೇಡ, ಈಗಷ್ಟೇ ಕುಡಿದು ಬಂದೆ."

ಎಲ್ಲರಿಗಿಂತ ಹಿರಿಯರು ಮುನಿಲಕ್ಷ್ಮಮ್ಮ. ಅವರದು ಸೂಳಗಿರಿ ಹತ್ತಿರದ ಹಳ್ಳಿ, ತಲೆಮಾರುಗಳಿಂದ ಅಲ್ಲಿಯೇ ಬೇಸಾಯ. ಬಸ್ಸು ಹತ್ತಿ, ಕೊತ್ತಂಬರಿ ಕಟ್ಟು ಹಿಡಿದು ಬರುತ್ತಾರೆ. ಬಸ್‌ಸ್ಟ್ಯಾಂಡಿನಿಂದ ನೇರ ನಮ್ಮ ಮನೆಗೆ ಬಂದು, ಬೆವರು ಒರೆಸಿಕೊಳ್ಳುತ್ತಾ, "ಬ್ಯಾಡ ಕಣವ್ವ, ಈಗಷ್ಟೇ ಕುಡ್ಕಂಡ್ ಬಂದೆ" ಅನ್ನುತ್ತಾರೆ. ಎಲ್ಲಿ ಕುಡಿದರು? ಬಸ್ಸಿನಲ್ಲಾ?

ರುಕ್ಮಿಣಿಯದು ಹಾಸನದ ಕಡೆ. ಅವರ ಡಿಕಾಕ್ಷನ್ನಿಗೆ ನಮ್ಮಲ್ಲಿ ರಾಜಮರ್ಯಾದೆ. ಅಂಥವರು ನನ್ನ ಸರದಿಯನ್ನು ಕರುಣೆಯಿಂದ ತೆಗೆದುಕೊಳ್ಳುತ್ತಿದ್ದಾರೆ! ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕರುಣೆ ತಡೆಯಲಾಗಲಿಲ್ಲ. ಅಳು ಬಂತು. ಅಳುವಿನ ಹಿಂದೆಯೇ ಸಿಟ್ಟೂ ಬಂತು.

"ನಮ್ಮನೇಲೇ ಸೇರೋದು," ಅಂದೆ. "ಕಾಫಿ ಕುಡಿಯದೆ ಬನ್ನಿ. ಎಲ್ಲರಿಗೂ ಹೇಳಿ."

ಫೋನಿಟ್ಟೆ. ಹೇಳಿದ್ದೇನೋ ಹೇಳಿದೆ, ಇನ್ನು ಮಾಡುವುದೇನು?

ಆಗ ನೆನಪಾದದ್ದು ಬೆಂಗಳೂರಿನ ಮಾಲ್. ಅಲ್ಲೊಬ್ಬ ಹುಡುಗ ಮಿಷನ್ನಿನ ಗುಂಡಿ ಒತ್ತಿದ, ಬುಸ್ ಎಂದಿತು, ಲೋಟಕ್ಕೆ ಗಟ್ಟಿ ಕಾಫಿ ಇಳಿದೇಬಿಟ್ಟಿತು. ಕಾಯುವ ಮಾತೇ ಇಲ್ಲ. ಎಸ್‌ಪ್ರೆಸೊ ಅಂತೆ. ನನ್ನಂಥ ತಾಳ್ಮೆಗೆಟ್ಟವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಯಾರೋ ಪುಣ್ಯಾತ್ಮ ಕಂಡುಹಿಡಿದಿರಬೇಕು!

ನನ್ನ ಯಜಮಾನರು ನಾಗರಾಜ್, ಇಲ್ಲಿನ ಒಂದು ಗಾಡಿ ಫ್ಯಾಕ್ಟರಿಯಲ್ಲಿ ಮೆಂಟೇನೆನ್ಸ್. ವಿಷಯ ತಿಳಿಸಿದ್ದಕ್ಕೆ ಅವರು ಕೇಳಿದ ಮೊದಲ ಪ್ರಶ್ನೆ, "ಪ್ರೆಶರ್ ಎಷ್ಟು?"

ಬೆಂಗಳೂರಿನ ದೊಡ್ಡ ಶೋರೂಮಿಗೆ ಹೋದೆವು. ಟೈ ಕಟ್ಟಿದ ಹುಡುಗ "ಫಿಫ್ಟೀನ್ ಬಾರ್, ಮೇಡಂ" ಎಂದು ಎದೆಯುಬ್ಬಿಸಿ ಹೇಳಿದ. ನಾಗರಾಜ್ ಹುಬ್ಬೇರಿಸಿದರು. "ಆರು ಬಾರ್ ಗಾಳೀಲಿ ನಾವು ಗಾಡಿ ನಟ್ಟೆಲ್ಲಾ ಬಿಗೀತೀವಿ. ಒಂದು ಲೋಟ ಕಾಫಿಗೆ ಹದಿನೈದಾ?" ಬೆಲೆ ಕೇಳಿದೆವು. ನಾವು ಬಂದಿದ್ದ ಸ್ಕೂಟರ್ ಕೊಟ್ಟು, ಮೇಲೆ ಸ್ವಲ್ಪ ಸೇರಿಸಬೇಕಿತ್ತು. ಒಂದು ಲೋಟ ಮಾಡಿ ತೋರಿಸಪ್ಪಾ ಅಂದೆ. "ಡೆಮೊ ಇಲ್ಲ ಮೇಡಂ, ಕ್ಯಾಟಲಾಗ್ ಇದೆ." ಕ್ಯಾಟಲಾಗ್ ಕುಡಿಯಲು ಬರುತ್ತದೆಯೇ?

ಹೊಸೂರಿನ ಅಂಗಡಿಯೊಂದರಲ್ಲಿ ಅಗ್ಗದ್ದು ಸಿಕ್ಕಿತು. ಪಂಪ್ ಇಲ್ಲ, ಹಬೆಯೇ ನೀರನ್ನು ತಳ್ಳುತ್ತದೆ. ಮಾಲೀಕರು ಮಾಡಿ ತೋರಿಸಿದರು. ನನಗೆ ಸೀದ ವಾಸನೆ ಬಡಿಯಿತು. "ನೀವೂ ಒಂದು ಗುಟುಕು ಕುಡೀರಿ ಸಾರ್" ಅಂದೆ. ಅವರು ಕುಡಿದರು. ಮುಖ ನೋಡಬೇಕಿತ್ತು! ಸೊಂಟನೋವಿನ ಕಷಾಯ ಕುಡಿದವರ ಮುಖ.

ಅಲ್ಲಿಂದಲೇ ನನ್ನ ಸೂತ್ರ ಹುಟ್ಟಿತು. ಮಾರುವವನು ತಾನೇ ಕುಡಿಯುತ್ತಾನೋ, ನೋಡು. ಬಾರ್, ವ್ಯಾಟ್, ವಾರಂಟಿ ಎಲ್ಲಾ ಆಮೇಲೆ. (ಈ ಸೂತ್ರ ಹೋಟೆಲಿಗೂ ಆಗುತ್ತದೆ, ಆಸ್ಪತ್ರೆಗೂ ಆಗುತ್ತದೆ. ಬರೆದಿಟ್ಟುಕೊಳ್ಳಿ.)

ಆ ವಾರವೇ ಕೃಷ್ಣಗಿರಿಗೆ ಮದುವೆಗೆ ಹೋಗಬೇಕಿತ್ತು. ಊಟ ಮುಗಿಸಿ ಬಸ್ಸಿಗೆ ನಡೆಯುವಾಗ ಮಿಕ್ಸಿ, ಗ್ರೈಂಡರ್ ಮಾರುವ ಒಂದು ಅಂಗಡಿಯಿಂದ ಪರಿಮಳ ಬಂತು. ಕಾಲು ತಾನಾಗಿ ನಿಂತಿತು. ಒಳಗೆ ಕೌಂಟರಿನ ಹಿಂದೆ ಪುಟ್ಟ ಮಿಷನ್. ಅದರ ಮುಂದೆ ಅಂಗಡಿಯವರು ಲೋಟ ಹಿಡಿದು, ಕಣ್ಣು ಮುಚ್ಚಿ ಕುಡಿಯುತ್ತಾ ನಿಂತಿದ್ದರು.

"ಇದು ಎಷ್ಟು?" ಅಂದೆ.

ಅವರು ಗಾಬರಿಯಾದರು. "ಇದು ಸೇಲ್‌ಗೆ ಇಲ್ಲೆ ಮಾ. ಒಂದು ಹೋಟೆಲ್‌ಗೆ ಅಂತ ತರ್ಸಿದ್ದು. ಅವ್ರು ವೇಂಡಾ ಅಂದ್ರು. ಈಗ ನಾನೇ ಡೈಲಿ ಕುಡಿತಾ ಇದೀನಿ."

ಮಾರುವವನೇ ದಿನಾ ಕುಡಿಯುತ್ತಿದ್ದಾನೆ! ಇನ್ನೇನು ಬೇಕು? ನಮಗೂ ಒಂದೊಂದು ಲೋಟ ಕೊಟ್ಟರು. ನಾಗರಾಜ್ ಪ್ರೆಶರ್ ಕೇಳುವುದನ್ನೇ ಮರೆತರು. ನಾನು ಬಿಡದೆ ಗೋಗರೆದ ಮೇಲೆ ಅಂಗಡಿಯವರು ಕೊಡಲು ಒಪ್ಪಿದರು. ಮಿಷನ್ನಿನ ಮೈಮೇಲೆ ಒಂದು ಗೀರು, ಬಾಕ್ಸ್ ಇಲ್ಲ, ವಾರಂಟಿ ಕಾರ್ಡ್ ಇಲ್ಲ. ಆದ್ದರಿಂದ ಬೆಲೆ ನಮ್ಮ ಕೈಗೆಟುಕುವಷ್ಟಿತ್ತು. ಅವರ ಮನಸ್ಸು ಬದಲಾಗುವ ಮೊದಲೇ ಮಿಷನ್ನನ್ನು ಮದುವೆಯಲ್ಲಿ ಕೊಟ್ಟ ಬ್ಯಾಗಿಗೆ ತುರುಕಿ ಹೊರಬಿದ್ದೆ. ಹಿಂದಿನಿಂದ "ಅಮ್ಮಾ, ಪೌಡರ್..." ಎಂದು ಏನೋ ಕೂಗಿದರು. ಬಸ್ಸು ಹೊರಟಿತ್ತು. ಪೌಡರ್ ನಮ್ಮನೇಲಿ ಇಲ್ಲವೇ?

ಇತ್ತು. ಅದೇ ತಪ್ಪಾಯಿತು.

ನಮ್ಮ ಕಡೆಯ ಯಾರೇ ಆದರೂ ಏನು ಮಾಡುತ್ತಿದ್ದರೋ ಅದನ್ನೇ ಮಾಡಿದೆ. ಚಿಕೋರಿ ಬೆರೆಸಿದ ನುಣುಪಾದ ಫಿಲ್ಟರ್ ಪುಡಿಯನ್ನು ಮಿಷನ್ನಿನ ಬಟ್ಟಲಿಗೆ ತುಂಬಿ, ಫಿಲ್ಟರಿನಲ್ಲಿ ಒತ್ತುವ ಹಾಗೆ ಒತ್ತಿ, ಇನ್ನೂ ಒಂದು ಸಲ ಒತ್ತಿದೆ. ಗುಂಡಿ ಅದುಮಿದೆ. ಮಿಷನ್ ನರಳಿತು. ಒಂದು ಹನಿ. ಮತ್ತೆ ನರಳಾಟ. ಚಿಕೋರಿ ಒಳಗೆ ಉಬ್ಬಿ ಕೆಸರಾಗಿ ದಾರಿ ಮುಚ್ಚಿತ್ತು. ನಾಗರಾಜ್ "ಆಫ್ ಮಾಡು! ಆಫ್ ಮಾಡು!" ಎಂದು ಓಡಿ ಬರುವಷ್ಟರಲ್ಲಿ ಬಟ್ಟಲು ಕಳಚಿ ಹಾರಿ, ಕಾಫಿಯೆಲ್ಲಾ ಗೋಡೆ ಮೇಲಿನ ಕ್ಯಾಲೆಂಡರಿಗೆ ಅಭಿಷೇಕವಾಯಿತು. ಯಾರಿಗೂ ಏನೂ ಆಗಲಿಲ್ಲ. ನನ್ನ ಧೈರ್ಯಕ್ಕೆ ಮಾತ್ರ ಪೆಟ್ಟು ಬಿತ್ತು.

ಕೃಷ್ಣಗಿರಿಗೆ ಫೋನ್ ಮಾಡಿದೆ. ಅಂಗಡಿಯವರು ನಕ್ಕರು. "ಅದೇ ಕೂಗಿದ್ದು ಮಾ. ಚಿಕೋರಿ ಹಾಕ್ಬೇಡಿ. ಪುಡಿ ಕೊಂಚ ತರಿ ಇರ್ಲಿ."

ಹೊಸೂರಿನ ಕಾಫಿಪುಡಿ ಅಂಗಡಿಯಲ್ಲಿ ಚಿಕೋರಿ ಇಲ್ಲದ ಪುಡಿ ಕೇಳಿದೆ. ಬೀಜ ಹುರಿಯುತ್ತಿದ್ದ ಅಜ್ಜ ಕೈ ನಿಲ್ಲಿಸಿ ನನ್ನನ್ನೇ ನೋಡಿದರು. "ಚಿಕೋರಿ ಇಲ್ಲಾಮೆ ಕಾಫಿಯಾ? ಯಾಕಮ್ಮಾ, ಮನೇಲಿ ಯಾರಿಗೆ ಹುಷಾರಿಲ್ಲ?"

ಆಮೇಲೆ ಶುರುವಾಯಿತು ಟ್ರಯಲ್. ಪುಡಿ ತೀರಾ ತರಿಯಾದರೆ ಕಾಫಿ ತೆಳ್ಳಗೆ ಓಡುತ್ತಿತ್ತು. ನುಣುಪಾದರೆ ಹಟ ಹಿಡಿಯುತ್ತಿತ್ತು. ಹದ ಸಿಗುವ ತನಕ ಕುಡಿಯುವ ಡ್ಯೂಟಿ ನಾಗರಾಜ್ ಅವರದು. "ಫ್ಯಾಕ್ಟರೀಲಿ ನನ್ನ ಕೈ ನಡುಗ್ತೈತೆ ಕಣೇ, ಸಾಕು" ಎಂದು ಅವರು ಕೈ ಮುಗಿದ ದಿನವೇ ಹದ ಸಿಕ್ಕಿತು. ಜೇನುತುಪ್ಪದ ಹಾಗೆ ಸಣ್ಣಗೆ ಇಳಿಯಿತು. ಮೇಲೆ ತಾಮ್ರದ ಬಣ್ಣದ ನೊರೆ. ಮಾಲ್‌ನವರ ಹಾಗೆ ಹಾಲಿನ ಮೇಲೆ ಹೃದಯ ಬಿಡಿಸಲು ಹೋಗಲಿಲ್ಲ. ನಮ್ಮ ಗಟ್ಟಿ ಹಾಲು ಕಾಯಿಸಿ, ಸಕ್ಕರೆ ಹಾಕಿ, ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ದು ಕುಡಿದೆ. ಅಡುಗೆಮನೆಯಲ್ಲಿ ಒಬ್ಬಳೇ ಕುಣಿದೆ. (ಪಕ್ಕದ ಮನೆಯವರು ನೋಡಿದರು. ನೋಡಲಿ!)

ಭಾನುವಾರ ಬಂತು. ಮಧ್ಯಾಹ್ನ ಹಾಲ್ ತುಂಬ ಜನ. ಎಲ್ಲರ ಮುಖದಲ್ಲೂ ಪರೀಕ್ಷಕರ ಗಾಂಭೀರ್ಯ. ರುಕ್ಮಿಣಿ ಮುಂದಿನ ಕುರ್ಚಿಯಲ್ಲೇ ಕುಳಿತಿದ್ದರು. ನಾನು ಮೊದಲ ಲೋಟ ತುಂಬಿಸಿ ಮುನಿಲಕ್ಷ್ಮಮ್ಮನವರ ಕೈಗಿಟ್ಟೆ. ಎರಡನೆಯದಕ್ಕೆ ಗುಂಡಿ ಒತ್ತಬೇಕು...

ಕರೆಂಟ್ ಹೋಯಿತು.

ಹೊಸೂರಿನ ಈಗಿನ ಪವರ್ ಕಟ್ ನಿಮಗೆ ಗೊತ್ತೇ ಇದೆ. ವಾರದ ದಿನ ಯಾವ ಬೀದಿಗೆ ಯಾವಾಗ ಹೋಗುತ್ತದೆಂದು ನಮಗೆಲ್ಲ ಬಾಯಿಪಾಠ. ಭಾನುವಾರ ತೆಗೆಯುವುದಿಲ್ಲ ಎಂಬ ಧೈರ್ಯದಲ್ಲಿದ್ದೆ. ಫ್ಯಾನ್ ನಿಂತಿತು. ಮಿಷನ್ನಿನ ಕೆಂಪು ದೀಪ ಆರಿತು.

"ಫಿಲ್ಟರ್ ಎಲ್ಲಿದೆ ಹೇಳಿ," ಎಂದು ರುಕ್ಮಿಣಿ ಎದ್ದರು. "ಗ್ಯಾಸ್ ಇದೆಯಲ್ಲ, ನಾನೇ ಡಿಕಾಕ್ಷನ್ ಹಾಕ್ತೀನಿ. ಬೇಜಾರು ಮಾಡ್ಕೋಬೇಡಿ."

ಮತ್ತೆ ಅದೇ ಕರುಣೆ! ಫಿಲ್ಟರ್ ತೋರಿಸಿದೆನೋ, ನನ್ನ ಸರದಿ ಜನ್ಮಕ್ಕೆ ಹೋಯಿತು. ತೋರಿಸಲಿಲ್ಲವೋ, ಬಂದವರನ್ನು ಬಾಯಾರಿಸಿ ಕಳಿಸಿದ ಕೆಟ್ಟ ಹೆಸರು. ಅಡುಗೆಮನೆಯ ಬಾಗಿಲಿಗೆ ಅಡ್ಡವಾಗಿ ನಿಂತೆ.

ಅಷ್ಟರಲ್ಲಿ ಸೊರ್ ಎಂಬ ಸದ್ದು. ಎಲ್ಲರೂ ತಿರುಗಿ ನೋಡಿದೆವು. ಮುನಿಲಕ್ಷ್ಮಮ್ಮ ಲೋಟ ಖಾಲಿ ಮಾಡಿ, ಬಟ್ಟಲಲ್ಲಿ ಉಳಿದಿದ್ದನ್ನೂ ಬಾಯಿಗೆ ಸುರಿದುಕೊಂಡು, ಸೆರಗಿನಿಂದ ತುಟಿ ಒರೆಸಿಕೊಂಡರು.

"ಕುಂತ್ಕೋ ರುಕ್ಮಿಣಿ," ಅಂದರು. "ಕರೆಂಟ್ ಬರ್ಲಿ. ನನಗಿನ್ನೊಂದು ಲೋಟ ಬೇಕು. ಬಸ್ಸು ಹೋದ್ರೆ ಹೋಗ್ಲಿ, ಇನ್ನೊಂದು ಬತ್ತದೆ."

ರುಕ್ಮಿಣಿ ಕುಳಿತರು. ಎಲ್ಲರೂ ಕುಳಿತರು.

ಕಾದರು! ಸಂಜೆಯ ತನಕ ಕಾದರು. ನನ್ನ ಮನೆಯಲ್ಲಿ, ನನ್ನ ಕಾಫಿಗಾಗಿ. ವಾರಪತ್ರಿಕೆಗಳಿಂದ ಗಾಳಿ ಬೀಸಿಕೊಂಡರು (ರುಕ್ಮಿಣಿಯ ಕೈಯಲ್ಲಿದ್ದದ್ದು ನನ್ನ ಅಂಕಣದ ಪುಟವೇ). ಗೊತ್ತಿದ್ದ ಹಾಡೆಲ್ಲ ಮುಗಿಯಿತು, ಗೊತ್ತಿಲ್ಲದ್ದನ್ನೂ ಹಾಡಿದರು. ಯಾವ ಭಾನುವಾರವೂ ಇಷ್ಟು ಹೊತ್ತು ನಾವು ಒಟ್ಟಿಗೆ ಕುಳಿತದ್ದಿಲ್ಲ. ಫಿಲ್ಟರಿನ ಮುಂದೆ ಒಂದು ಗಳಿಗೆ ಕಾಯಲಾರದ ನಾನು ಕೂಡ ಅಂದು ಸುಮ್ಮನೆ ಗೋಡೆಗೊರಗಿ ಅವರನ್ನೇ ನೋಡುತ್ತಾ ಕುಳಿತಿದ್ದೆ. ಹೊಟ್ಟೆಯೊಳಗೆ ತಂಪಾಗಿತ್ತು.

ಫ್ಯಾನ್ ತಿರುಗಿದ್ದೇ ತಡ, ಕ್ರಿಕೆಟ್ಟಿನಲ್ಲಿ ಸಿಕ್ಸರ್ ಹೊಡೆದ ಹಾಗೆ ಕೂಗೆದ್ದಿತು. ಮಿಷನ್ ಬುಸುಗುಟ್ಟಿತು. ಲೋಟದ ಮೇಲೆ ಲೋಟ. ನಾಗರಾಜ್ ಟ್ರೇ ಹಿಡಿದು ಓಡಾಡಿದ್ದೇ ಓಡಾಡಿದ್ದು. ರುಕ್ಮಿಣಿ ಕುಡಿದು, ಲೋಟದ ಒಳಗೆ ಒಮ್ಮೆ ನೋಡಿ, ಸಣ್ಣ ದನಿಯಲ್ಲಿ, "ಇನ್ನರ್ಧ ಲೋಟ ಸಿಗುತ್ತಾ?" ಅಂದರು. ಆಹಾ! ಆ "ಸಿಗುತ್ತಾ" ಇದೆಯಲ್ಲ, ಅದನ್ನು ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕುವ ಹಾಗಿದ್ದರೆ ಹಾಕುತ್ತಿದ್ದೆ.

ಇಷ್ಟಕ್ಕೇ ಮುಗಿದಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲವೇನೋ. ನಿನ್ನೆ ಬೆಳಿಗ್ಗೆ ಗೇಟ್ ಸದ್ದಾಯಿತು. ಮುನಿಲಕ್ಷ್ಮಮ್ಮ! ಕೈಯಲ್ಲಿ ಕೊತ್ತಂಬರಿ ಕಟ್ಟು. ಭಾನುವಾರವಲ್ಲ, ಹಬ್ಬವಲ್ಲ. ಏನಾಯಿತೋ ಎಂದು ಗಾಬರಿಯಿಂದ ಓಡಿದೆ.

"ಏನಿಲ್ಲ ಕಣವ್ವ. ಬತ್ತಾ ದಾರೀಲಿ ರುಕ್ಮಿಣಿ ಬಾಗಿಲಲ್ಲೇ ನಿಂತಿದ್ಲು. ಒಳಗ್ ಬಾ, ಕಾಫಿ ಕುಡ್ಕಂಡ್ ಹೋಗು ಅಂತ ಕೈ ಹಿಡ್ಕಂಡ್ಲು." ಮೆಟ್ಟಿಲ ಮೇಲೆ ಕುಳಿತು ಕಾಲು ಚಾಚಿ, ದನಿ ತಗ್ಗಿಸಿದರು. "ಬ್ಯಾಡ ಕಣವ್ವ, ಈಗಷ್ಟೇ ಕುಡ್ಕಂಡ್ ಬಂದೆ ಅಂದ್ಬುಟ್ಟೆ. ಬಿರ್ನೆ ಹಾಕು, ಬಾಯಿ ಒಣಗ್ತಾ ಐತೆ."

ರುಕ್ಮಿಣಿಯವರೇ, ಓದುತ್ತಿದ್ದೀರಾ?