ಪಾಚಿಯ ಬೆನ್ನು ಹತ್ತಿದ ಗಾಜಿನಕ್ಕ

ಬೆಳಕು ಈಗಷ್ಟೇ ಹರಿಯುತ್ತಿದೆ. ಕಣ್ಣಿನ ಆಸ್ಪತ್ರೆಯ ಹಜಾರದಲ್ಲಿ ಸ್ಟೂಲ್ ಹತ್ತಿ ನಿಂತ ಹೆಂಗಸೊಬ್ಬರು ದೊಡ್ಡ ಮೀನಿನ ತೊಟ್ಟಿಗೆ ಭುಜದವರೆಗೂ ತೋಳು ಇಳಿಸಿದ್ದಾರೆ. ಕಲ್ಲಿಗೆ ಅಂಟಿದ ಕೂದಲಿನಂಥ ಹಸಿರು ಪಾಚಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಸುತ್ತಿ ಕೀಳುತ್ತಾರೆ, ಬಕೆಟ್ಟಿಗೆ ಒದರುತ್ತಾರೆ, ಮತ್ತೆ ಕೈ ಇಳಿಸುತ್ತಾರೆ. ಕಿತ್ತಳೆ ಬಣ್ಣದ ಎರಡು ಮೀನು ಅವರ ಮೊಣಕೈ ಸುತ್ತ ಸುಳಿಯುತ್ತಿವೆ.

"ಕಡಿಮೆ ಆಗಿದೆ ಅಂತಾರೆ ಎಲ್ರೂ. ನಂಗೆ ನಂಬಿಕೆ ಇಲ್ಲ. ಬೆನ್ನು ತಿರುಗಿಸಿದ್ರೆ ಸಾಕು, ಚಿಗುರಿರುತ್ತೆ," ಎನ್ನುತ್ತಾರೆ.

ಆಸ್ಪತ್ರೆಯಲ್ಲಿ ಇವರು ಎಲ್ಲರಿಗೂ ಗಾಜಿನಕ್ಕ. ಮೊದಲು ಗಂಡನ ಜೊತೆ ಎತ್ತರದ ಕಟ್ಟಡಗಳ ಕಿಟಕಿ ಒರೆಸುತ್ತಿದ್ದರು. ಗಂಡ ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಸಂಸಾರದ ಭಾರ ಇವರ ತಲೆಗೆ ಬಂತು. ಬಣ್ಣದ ಮೀನಿನ ಅಂಗಡಿಯೊಂದರಲ್ಲಿ ತೊಟ್ಟಿ ತೊಳೆಯುತ್ತ ಕೆಲಸ ಕಲಿತರು. ಈಗ ದಿನಕ್ಕೆ ಐದಾರು ತೊಟ್ಟಿ. ಎಲ್ಲವೂ ಸಿಹಿನೀರಿನವು; ಉಪ್ಪುನೀರಿನದು ಇದೊಂದೇ, ಇದೇ ಮೊದಲು. ಸಂಜೆಯ ಹೊತ್ತಿಗೆ ಬೆರಳ ಸಂದುಗಳು ಬಿರಿದು ಉರಿಯುತ್ತವೆ. ಎಣ್ಣೆ ಸವರುತ್ತ ಗಂಡ ನಗಿಸುತ್ತಾರಂತೆ: "ಉಪ್ಪು ತಿಂದವರು ನೀರು ಕುಡೀಬೇಕು ಅಂತಾರೆ. ನೀನು ನೀರಿಗೇ ಉಪ್ಪು ತಿನ್ನಿಸ್ತೀಯಲ್ಲೇ!"

ಪಟ್ಟಿ ಬಿಚ್ಚಿಸಿಕೊಂಡು ಬರುವವರ ಕಣ್ಣಿಗೆ ಮೊದಲು ಬಣ್ಣ ಬೀಳಲಿ ಎಂದು ಡಾಕ್ಟರು ಈ ತೊಟ್ಟಿ ಇಡಿಸಿದರು. ಕೆಲವೇ ದಿನಗಳಲ್ಲಿ ಮರಳಿನ ಮೇಲೆ ಕಂದು ಧೂಳು ಕೂತಿತು. ಅದು ಹೋಯಿತು ಅನ್ನುವಷ್ಟರಲ್ಲಿ ಹಸಿರು ಪಾಚಿ. "ಮಗೂಗೆ ಹಲ್ಲು ಬರೋವಾಗ ಭೇದಿ ಆಗಲ್ವಾ? ಹೊಸ ತೊಟ್ಟೀನೂ ಹಾಗೇ, ಸ್ವಲ್ಪ ಕಾಯಮ್ಮಾ," ಎಂದ ಅಂಗಡಿಯವರ ಮಾತು ಇವರ ತಲೆಗೆ ಹತ್ತಲಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡವರು ಕಾಯುವುದೆಂತು? ನಲ್ಲಿ ನೀರು ಬಿಟ್ಟು ಶುದ್ಧೀಕರಿಸಿದ ನೀರು ಹೊತ್ತರು, ಮೀನಿನ ಆಹಾರ ಅರ್ಧಕ್ಕಿಳಿಸಿದರು, ಪಾಚಿ ಮೇಯುವ ಬಸವನಹುಳು ತಂದು ಬಿಟ್ಟರು. ಪಾಚಿ ಜಗ್ಗಲಿಲ್ಲ.

ಡಾಕ್ಟರು ಕೊನೆಗೆ ಹೇಳಿಯೇಬಿಟ್ಟರು: "ನೋಡಮ್ಮಾ, ಈ ವಾರ ಸರಿಹೋಗ್ಲಿಲ್ಲ ಅಂದ್ರೆ ಮೀನು ವಾಪಸ್ ಕೊಟ್ಟು ಟಿ.ವಿ. ಇಡಿಸ್ತೀನಿ."

ಆ ರಾತ್ರಿ ಇವರಿಗೆ ನಿದ್ದೆಯಿಲ್ಲ. ಬಸ್ಸು ಶುರುವಾಗುವ ಮೊದಲೇ ನಡೆದುಕೊಂಡು ಬಂದರೆ, ಕತ್ತಲ ಹಜಾರದಲ್ಲಿ ತೊಟ್ಟಿಯ ದೀಪ ಝಗಝಗ ಉರಿಯುತ್ತಿದೆ! ಪಕ್ಕದಲ್ಲೇ ಕಾವಲುಗಾರ.

"ಕತ್ತಲಲ್ಲಿ ಪಾಪ ಹೆದರ್ಕೊಳ್ತವಲ್ಲಾ ಅಕ್ಕ. ದಿನಾ ನಾನೇ ಹಾಕಿರ್ತೀನಿ."

"ಅವಕ್ಕೇನೂ ಭಯ ಇಲ್ಲ ಅಣ್ಣಾ. ಭಯ ಇರೋದು ನಂಗೆ!"

ಹಗಲೂ ರಾತ್ರಿ ಬೆಳಕು ಉಂಡು ಪಾಚಿ ಕೊಬ್ಬಿತ್ತು. ಆದರೆ ಡಾಕ್ಟರ ಮುಂದೆ ಕಾವಲುಗಾರನ ಹೆಸರೆತ್ತಲಿಲ್ಲ. "ಲೈಟ್ ಜಾಸ್ತಿ ಆಗಿತ್ತು ಸಾರ್. ಇನ್ನೊಂದಿಷ್ಟು ದಿನ ಕೊಡಿ," ಎಂದಷ್ಟೇ ಕೇಳಿದರು. ಡಾಕ್ಟರು ಇನ್ನೂ ಯೋಚಿಸುತ್ತಿರುವಾಗಲೇ, ಪಟ್ಟಿ ಬಿಚ್ಚಿಸಿಕೊಂಡ ಮುದುಕರೊಬ್ಬರು ಮಗಳ ಕೈಹಿಡಿದು ಬಂದು ತೊಟ್ಟಿಯ ಮುಂದೆ ನಿಂತುಬಿಟ್ಟರು.

"ಹಸಿರು... ಇದು ಹಸಿರು ತಾನೇ ಮಗಳೇ?"

"ಹೌದಪ್ಪಾ, ಹಸಿರೇ."

ಮುದುಕರು ಗಾಜಿನ ಮೇಲೆ ಅಂಗೈಯಿಟ್ಟು ಅತ್ತರು. ಡಾಕ್ಟರು ಒಳಗೆ ಹೋದರು. ಟಿ.ವಿ. ಸುದ್ದಿ ಆಮೇಲೆ ಯಾರೂ ಎತ್ತಿಲ್ಲ.

"ನಂಗೆ ನಾಚಿಕೆ ಆಗ್ಬೇಕೋ ಖುಷಿ ಆಗ್ಬೇಕೋ ತಿಳೀಲಿಲ್ಲ. ಬ್ರಷ್ಷನ್ನ ಬೆನ್ನ ಹಿಂದೆ ಮುಚ್ಚಿಟ್ಕೊಂಡು ನಿಂತೆ," ಎನ್ನುತ್ತಾರೆ ಗಾಜಿನಕ್ಕ.

ಈಗ ಸಂಜೆಯಾದರೆ ದೀಪ ಆರುತ್ತದೆ. ಪಾಚಿ ತೆಳುವಾಗಿದೆ, ಕಲ್ಲಿನ ನೇರಳೆ ಬಣ್ಣ ಅಲ್ಲಲ್ಲಿ ಇಣುಕುತ್ತಿದೆ. ಇನ್ನೇನು ಆಸೆ ಎಂದು ಕೇಳಿದರೆ, ಎದುರಿನ ಬೆಂಚು ತೋರಿಸುತ್ತಾರೆ.

"ಅಲ್ಲಿ ಕೂತು, ಬೇರೆಯವರ ಹಾಗೆ ಸುಮ್ನೆ ಮೀನು ನೋಡ್ಬೇಕು. ಅಷ್ಟೇ."

ಈಗಲೇ ಕೂರಿ ಎನ್ನುತ್ತೇನೆ. ಸೆರಗಿಗೆ ಕೈ ಒರೆಸಿಕೊಂಡು ಬೆಂಚಿನ ತುದಿಯಲ್ಲಿ ಕೂರುತ್ತಾರೆ. ಎರಡು ಮೀನೂ ಜೋಡಿಯಾಗಿ ಒಂದು ಸುತ್ತು ಬರುತ್ತವೆ.

"ಎಷ್ಟು ಚೆನ್ನಾಗಿದಾವೆ ಅಲ್ವಾ?" ಎನ್ನುವಾಗಲೇ ಎದ್ದಾಗಿದೆ. "ತಡೀರಿ, ಆ ಮೂಲೇಲಿ ಏನೋ ಉಳಿದಿದೆ."