ಮಾವನವರ ಸೋಡಾ ಮೆಷೀನು

ನಾನು ಮದುವೆಯಾಗಿ ಹೊಸಕೋಟೆಗೆ ಬಂದ ಹೊಸತರಲ್ಲಿ ಮಾವನವರು ಬೆಂಗಳೂರು ದಂಡಿನ ಹರಾಜಿನಿಂದ ಒಂದು ಸೋಡಾ ಮೆಷೀನು ತಂದರು. ವಿಲಾಯಿತಿಗೆ ವಾಪಸು ಹೊರಟಿದ್ದ ಯಾರೋ ದೊರೆಯ ಸಾಮಾನು. ದಪ್ಪ ಗಾಜಿನ ಹೂಜಿ, ಮೈತುಂಬ ತಂತಿಯ ಬಲೆ, ಮೇಲೊಂದು ಮುಚ್ಚಳ, ಅದಕ್ಕೆ ಕೊಕ್ಕಿನಂಥ ನಳಿಕೆ. ತಾಲ್ಲೂಕು ಕಚೇರಿಯಿಂದ ನಿವೃತ್ತರಾಗಿದ್ದ ಮಾವನವರಿಗೆ ವಾಯುವಿನ ಉಪದ್ರವ. ಸೋಡಾ ಕುಡಿಯಿರಿ ಎಂದು ಡಾಕ್ಟರು ಹೇಳಿದ್ದರು. ಪೇಟೆಯ ಗೋಲಿ ಸೋಡಾ ಮಾತ್ರ ಇವರಿಗೆ ಆಗದು. "ಊರೋರೆಲ್ಲ ಬಾಯಿ ಹಚ್ಚಿದ ಬಾಟ್ಲಿ" ಎನ್ನುತ್ತಿದ್ದರು.

ಮೆಷೀನು ಅವರದು, ಚಾಕರಿ ನನ್ನದು. ನೀರು ಕಾಯಿಸಿ, ಆರಿಸಿ, ಗೆರೆಯವರೆಗೆ ತುಂಬಬೇಕು. ಗ್ಯಾಸು ತುಂಬಿದ ಹೆಬ್ಬೆರಳು ಗಾತ್ರದ ಕಬ್ಬಿಣದ ಬುರುಡೆಯನ್ನು ಮುಚ್ಚಳಕ್ಕೆ ತಿರುಗಿಸಿದರೆ ಬುಸ್ ಎಂದು ಗ್ಯಾಸು ನೀರಿಗಿಳಿಯುತ್ತಿತ್ತು. ಆಮೇಲೆ ಕುಲುಕಬೇಕು. ಎಲ್ಲಿ ಸಿಡಿದೀತೋ ಎಂದು ಅತ್ತೆಯವರು ಹಿತ್ತಿಲಿಗೆ ಓಡುತ್ತಿದ್ದರು. ಮಾವನವರು ಕಂಬದ ಮರೆಯಲ್ಲಿ ನಿಂತು, "ಹೆದರ್ಬೇಡಮ್ಮ, ಇನ್ನೂ ಜೋರಾಗಿ ಕುಲುಕು" ಎಂದು ನನಗೆ ಧೈರ್ಯ ತುಂಬುತ್ತಿದ್ದರು.

ಯುದ್ಧ ಬಂದು ಬುರುಡೆಗಳು ಸಿಗದಾದವು. ಒಂದೇ ಒಂದು ಉಳಿದಿದ್ದಾಗ ಗ್ಯಾಸು ಸೋರದಂತೆ ಮುಚ್ಚಳದೊಳಗೆ ಕೂರಿಸಿದ್ದ ರಬ್ಬರ್ ಬಿಲ್ಲೆ ಸೀಳಿಹೋಯಿತು. ಮಾವನವರು ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ತಡೆಯಲಾರದೆ ನಾನು ಹಿತ್ತಿಲ ಗೋಡೆಯಾಚೆಯ ಮನೆಯ ಬೀಬಿಗೆ ವಿಷಯ ಹೇಳಿದೆ. ಪೇಟೆಯ ಸೋಡಾ ಅಂಗಡಿ ಅವರ ಯಜಮಾನರದೇ. ಅಂದೇ ಸಂಜೆ ಸಾಬರು ಬಂದು ನಮ್ಮ ಜಗಲಿಯ ಮೇಲೆ ಕೂತು, ರಬ್ಬರು ಕತ್ತರಿಸಿ ಹೊಸ ಬಿಲ್ಲೆ ಕೂರಿಸಿದರು.

"ಬಿಸಿನೀರು ತಾಕಿಸ್ಬೇಡಿ ಸ್ವಾಮಿ, ರಬ್ಬರು ಕೆಟ್ಟೋಗ್ತದೆ" ಎಂದರು.

ಮಾವನವರು ತಲೆಯಾಡಿಸಿದರು. ಸಾಬರು ಬೀದಿಯ ತಿರುವು ದಾಟಿದೊಡನೆ ನನ್ನನ್ನು ಕರೆದರು. "ಅವನ ಕೈ ತಾಗಿದೆ. ಕುದಿಯೋ ನೀರಲ್ಲಿ ತೊಳೆದ್ಬಿಡಮ್ಮ."

"ಬೇಡ ಅಂದ್ರಲ್ಲ ಮಾವ?"

"ಸೋಡಾ ಮಾರೋನಿಗೆ ಮಡಿ ಏನು ಗೊತ್ತು?"

ತೊಳೆದೆ. ಬಿಲ್ಲೆ ಉಬ್ಬಿ ಸೊಟ್ಟಗಾಯಿತು. ಕೊನೆಯ ಬುರುಡೆ ತಿರುಗಿಸಿದಾಗ ಗ್ಯಾಸೆಲ್ಲ ಸಂದಿಯಿಂದ ನನ್ನ ಮುಖಕ್ಕೆ ರಾಚಿತು. ಹೂಜಿಯಲ್ಲಿ ಪರಮಶುದ್ಧವಾದ ನೀರು ಉಳಿಯಿತು.

ವಾರ ಕಳೆಯುವುದರೊಳಗೆ ಮನೆಯಲ್ಲಿ ಒಬ್ಬಟ್ಟಿನ ಊಟವಾಯಿತು. ಮಧ್ಯಾಹ್ನ ಮಾವನವರ ಹೊಟ್ಟೆ ತಮಟೆಯಾಗಿತ್ತು. ಅತ್ತೆಯವರ ಜೀರಿಗೆ ಕಷಾಯವೂ ಸೋತಿತು. "ಆ ಮೆಷೀನಲ್ಲಿ ಏನಾದ್ರೂ ಬರುತ್ತಾ ನೋಡಮ್ಮ" ಎಂದು ನರಳಿದರು. ನಾನು ಹಿತ್ತಿಲಿಗೆ ಹೋಗಿ ಬೀಬಿಯಿಂದ ಎರಡು ಗೋಲಿ ಸೋಡಾ ಇಸಿದುಕೊಂಡು ಬಂದು, ಬೆಳ್ಳಿ ಲೋಟಕ್ಕೆ ಸುರಿದು ಕೊಟ್ಟೆ. ಗಟಗಟನೆ ಕುಡಿದರು. ದೊಡ್ಡ ತೇಗು ಬಂತು, ಮುಖ ಅರಳಿತು.

"ನೋಡಿದ್ಯಾ? ಮನೇಲಿ ಮಾಡಿದ್ದರ ರುಚಿ ಪೇಟೇದಕ್ಕೆಲ್ಲಿ ಬರುತ್ತೆ!"

ನಾನು ನೆಲ ನೋಡಿದೆ. ಅಡುಗೆಮನೆಯಲ್ಲಿ ಅತ್ತೆಯವರು ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಆಮೇಲೆ ಎರಡು ತಿಂಗಳು ಇದೇ ನಡೆಯಿತು. ಬುರುಡೆ ಎಲ್ಲಿಂದ ಬರುತ್ತಿದೆಯೆಂದು ಮಾವನವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಒಂದು ದಿನ ಸಂತೆ ಮುಗಿಸಿ ಬರುತ್ತಿದ್ದೆ. ಸಾಬರ ಅಂಗಡಿಯ ಬೆಂಚಿನ ಮೇಲೆ ಮಾವನವರು ಕೂತಿದ್ದರು, ಪಕ್ಕದಲ್ಲಿ ಖಾಲಿ ಬಾಟಲಿ. ನನ್ನನ್ನು ಕಂಡು ಗಡಬಡಿಸಿ ಎದ್ದರು. ಸಾಬರು ಮುಖ ತಿರುಗಿಸಿಕೊಂಡು ಬಾಟಲಿ ಒರೆಸತೊಡಗಿದರು.

ಮಾವನವರು ಶಲ್ಯದಿಂದ ಮುಖ ಒರೆಸಿಕೊಂಡರು.

"ಬಿಸ್ಲು ಜೋರು" ಎಂದರು ಮಾವನವರು ಕೊನೆಗೆ. "ನೀನೂ ಒಂದು ಕುಡಿಯಮ್ಮ."

ಬೀದಿಯಲ್ಲಿ ನಿಂತು, ಸೆರಗು ಮರೆಮಾಡಿಕೊಂಡು ಕುಡಿದೆ. ನೊರೆ ಮೂಗಿಗೇರಿ ಕಣ್ಣಲ್ಲಿ ನೀರು ಬಂತು. ಮಾವನವರು ಮೊದಲ ಸಲ ನನ್ನ ಚೀಲ ತಾವೇ ಎತ್ತಿಕೊಂಡು ಮನೆಯ ಕಡೆ ನಡೆದರು.